ಮೊದಲು ಗಾಡಿಗೆ ನೀರು

ಈಗ ಹಾವೇರಿಯಲ್ಲಿ ಹೆದ್ದಾರಿ ದಾಟಲು ನಿಂತಾಗ ಅಗ್ನಿಶಾಮಕ ಗಾಡಿ ಏನಾದರೂ ಹಾದುಹೋದರೆ ನಾನು ಕಿವಿ ಮುಚ್ಚಿಕೊಳ್ಳುತ್ತೇನೆ. ಸೈರನ್ನಿನ ಆ ಕಿರುಚಾಟ ನನಗೆ ಸೇರುವುದಿಲ್ಲ. ಮಗ ನಗುತ್ತಾನೆ. ‘ಅವ್ವಾ, ಫೈರ್ ಗಾಡಿ ಡ್ರೈವರನ ಹೆಂಡತಿಯಾಗಿ ಹಿಂಗ ಮಾಡ್ತೀಯಲ್ಲ’ ಅನ್ನುತ್ತಾನೆ. ಅವನಿಗೇನು ಗೊತ್ತು. ನಾನು ಸಂಸಾರ ಮಾಡಿದ್ದು ಗಂಟೆಯ ಕಾಲದ ಗಾಡಿಯ ಜೊತೆ. ಮುಂದೆ ಉದ್ದನೆಯ ಮೂಗು, ಮೇಲೆ ಕಟ್ಟಿಗೆಯ ಏಣಿ, ಹಿಂದೆ ನೀರಿನ ಟ್ಯಾಂಕು, ಬಾಗಿಲ ಪಕ್ಕ ಹಿತ್ತಾಳೆಯ ಗಂಟೆ. ಡ್ರೈವರನ ಬಗಲಿಗೆ ಕುಳಿತವನು ಹಗ್ಗ ಜಗ್ಗಿ ಬಾರಿಸುತ್ತಾ ಹೋಗಬೇಕು. ಊರಿಗೆ ಊರೇ ದಾರಿ ಬಿಡುತ್ತಿತ್ತು.

ನಮ್ಮ ಮನೆಯವರು ಆ ಗಾಡಿಯ ಡ್ರೈವರ್. ಕರ್ಜಗಿಯ ಒಕ್ಕಲುತನದ ಮನೆಯಿಂದ ಬಂದವರು, ನೇಗಿಲು ಬಿಟ್ಟು ಸ್ಟೇರಿಂಗ್ ಹಿಡಿದವರು. ಇದೇ ಸೀಮೆಯಲ್ಲಿ ವರ್ಗವಾಗುತ್ತಾ ತಿರುಗಿದೆವು. ನಾನು ಹೇಳಹೊರಟಿರುವ ಠಾಣೆ ಯಾವ ಊರಿನದು ಅಂತ ಬರೆಯುವುದಿಲ್ಲ. ಈಗ ಅಲ್ಲಿರುವ ಹುಡುಗರಿಗೆ ಯಾಕೆ ಸುಮ್ಮನೆ ಮುಜುಗರ. ರಸ್ತೆಗೆ ಮುಖ ಮಾಡಿ ಗಾಡಿ ನಿಲ್ಲುವ ಎರಡು ಖೋಲಿ, ಹಿಂದೆ ಬೇವಿನ ಮರ, ನೀರಿನ ದೊಡ್ಡ ತೊಟ್ಟಿ, ಅದರಾಚೆ ನಮ್ಮ ಕ್ವಾರ್ಟರ್ಸು. ನನ್ನ ಅಡಿಗೆಮನೆಯ ಕಿಟಕಿ ತೆಗೆದರೆ ಬೇವಿನ ಮರವೇ ಕಾಣುತ್ತಿತ್ತು.

ಆ ಠಾಣೆಯಲ್ಲಿ ಒಂದು ಪದ್ಧತಿ ಇತ್ತು. ಬೆಂಕಿ ಆರಿಸಿ ಬಂದ ಮೇಲೆ ಮೊದಲು ಗಾಡಿಯ ಟ್ಯಾಂಕ್ ತುಂಬಬೇಕು. ಅದು ತುಂಬಿ ಮೇಲಿನ ಬಾಯಿಂದ ನೀರು ತುಳುಕಿದ ಮೇಲೆಯೇ ಮಂದಿ ನೀರು ಕುಡಿಯಬೇಕು. ಸರ್ಕಾರ ಮಾಡಿದ ನಿಯಮ ಇದಲ್ಲ, ಅವರವರೇ ಮಾಡಿಕೊಂಡದ್ದು. ಹೊಗೆ ನುಂಗಿ ಗಂಟಲು ಬಿರಿಯುತ್ತಿರುತ್ತಿತ್ತು, ಮುಖಕ್ಕೆ ಮಸಿ ಮೆತ್ತಿರುತ್ತಿತ್ತು, ಆದರೂ ಒಬ್ಬನೂ ತಂಬಿಗೆ ಮುಟ್ಟುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನು ತಿಳಿಯದೆ ನೀರು ಹಿಡಿದುಕೊಂಡು ಓಡಿದ್ದೆ.

‘ಏ, ತಡಿ. ಗಾಡಿ ಕುಡೀಲಿ ಮೊದಲ’ ಅಂದರು ನಮ್ಮವರು.

‘ಗಾಡಿಗೇನು ನೀರಡಿಕಿ ಆಗೇತೇನ್ರಿ?’ ಅಂದೆ.

‘ನಾವು ಕುಡ್ಕೋಂತ ಕುಂತಾಗ ಇನ್ನೊಂದು ಕಾಲ್ ಬಂದ್ರ? ಖಾಲಿ ಗಾಡಿ ತಗೊಂಡು ಹೋಗಿ ಅಲ್ಲೇನ ಉಗುಳೋದೇನು?’

ಮಂದಿಯೆಲ್ಲ ನಕ್ಕರು. ನಾನು ತಂಬಿಗೆ ಹಿಡಿದುಕೊಂಡು ಅಲ್ಲೇ ನಿಂತೆ. ಅವತ್ತಿನಿಂದ ಆ ಗಾಡಿಗೆ ಸವತಿ ಅಂತ ಹೆಸರಿಟ್ಟೆ. ಪಕ್ಕದ ಮನೆಯ ಆಪಾ, ಅದೇ ಗಾಡಿಯ ಪಂಪ್ ನೋಡಿಕೊಳ್ಳುತ್ತಿದ್ದವರ ಹೆಂಡತಿ, ಬೆಳಿಗ್ಗೆ ಎದ್ದ ಕೂಡಲೇ ಗೋಡೆಯಾಚೆಯಿಂದ ‘ಏನವಾ, ನಿನ್ನ ಸವತಿ ಎದ್ದಳೇನು?’ ಅಂತ ಕೇಳುತ್ತಿದ್ದಳು. ಎದ್ದೇ ಇರುತ್ತಿದ್ದಳು. ನನಗೆ ಒಂದು ಮಾತು ಹೇಳದೆ ಎದ್ದು ಹೋಗುತ್ತಿದ್ದ ಗಂಡ, ಅದರ ಮೂಗು ಒರೆಸುತ್ತಾ ಅದರ ಜೊತೆ ಮಾತಾಡುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು, ಖರೇನೇ ಹೇಳುತ್ತೇನೆ.

ಬ್ಯಾಡಗಿ ಕಡೆಯಿಂದ ಕಾಲ್ ಬಂದರೆ ಮಾತ್ರ ನಮಗೆ ಹೆಂಗಸರಿಗೂ ಕೆಲಸ. ಮೆಣಸಿನಕಾಯಿಗೆ ಹತ್ತಿದ ಬೆಂಕಿ ಬೇರೆ ಬೆಂಕಿಯ ಹಾಗಲ್ಲ. ಉರಿಗಿಂತ ಘಾಟು ಹೆಚ್ಚು. ಹೋದವರು ಕೆಮ್ಮುತ್ತಾ, ಕಣ್ಣು ಕೆಂಡ ಮಾಡಿಕೊಂಡು ಬರುತ್ತಿದ್ದರು. ಸಾವಕಾರರು ಬೇರೆ ಅಡ್ಡ ನಿಂತು, ‘ಸುಡದ ಚೀಲಕ್ಕ ನೀರು ಬಿಡಬ್ಯಾಡ್ರಿ, ಬಣ್ಣ ಹೋಗ್ತೈತಿ’ ಅಂತ ಕೈ ಮುಗಿಯುತ್ತಿದ್ದರಂತೆ. ಆ ಖಾಕಿ ಅಂಗಿಗಳನ್ನು ನಾನು, ಆಪಾ ಬೇವಿನ ಮರದ ಕೆಳಗೇ ತೊಳೆಯುತ್ತಿದ್ದೆವು, ಮನೆಯ ಬಚ್ಚಲಿಗೆ ತರುತ್ತಿರಲಿಲ್ಲ. ಮಕ್ಕಳ ಬಟ್ಟೆಯ ಜೊತೆಗಂತೂ ಇಲ್ಲವೇ ಇಲ್ಲ. ತೊಳೆದ ಮೇಲೆ ಎರಡು ದಿನ ಕೈ ಉರಿಯುತ್ತಿತ್ತು, ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂರುತ್ತಿದ್ದೆವು.

ಆಮೇಲೆ ಹೊಸ ಗಾಡಿ ಬಂತು. ಮೂಗಿಲ್ಲದ ಚಪ್ಪಟೆ ಮುಖ, ತಲೆಯ ಮೇಲೆ ತಿರುಗುವ ದೀಪ, ಗುಂಡಿ ಒತ್ತಿದರೆ ಸೈರನ್. ಪೂಜೆ ಮಾಡಿ, ಕಾಯಿ ಒಡೆದು, ಹಳೆಯದು ನಿಲ್ಲುತ್ತಿದ್ದ ಜಾಗದಲ್ಲಿ ಅದನ್ನು ನಿಲ್ಲಿಸಿದರು. ಹಳೆಯದನ್ನು ಬೇವಿನ ಮರದ ಕೆಳಗೆ ತಂದು ಬಿಟ್ಟರು. ಹೀಗೆ ಸವತಿ ಸೀದಾ ನನ್ನ ಕಿಟಕಿಗೇ ಬಂದು ಕುಂತಳು. ನಮ್ಮವರಿಗೆ ಹೊಸ ಗಾಡಿ ಕೊಡಲಿಲ್ಲ; ಅದಕ್ಕೆ ತರಬೇತಿ ಪಡೆದ ಸಣ್ಣ ವಯಸ್ಸಿನ ಡ್ರೈವರ್ ಬಂದಿದ್ದ. ಇವರಿಗೆ ಪೈಪ್ ಒಣಗಿಸುವುದು, ಟೆಲಿಫೋನಿನ ಹತ್ತಿರ ಕೂರುವುದು, ಇಂಥ ಕೆಲಸ. ಅವರ ಮುಖ ನೋಡಲಾಗುತ್ತಿರಲಿಲ್ಲ. ನಾನು ಛೇಡಿಸುವುದನ್ನೂ ನಿಲ್ಲಿಸಿಬಿಟ್ಟೆ.

ಹಳೆಯ ಗಾಡಿ ಗುಜರಿಗೆ ಹೋಗುತ್ತದೆ ಅಂತ ಸುದ್ದಿಯಾಯಿತು. ಇವರು ಠಾಣೆಯ ಸಾಹೇಬರ ಮುಂದೆ ಹೋಗಿ ನಿಂತರು. ಸಾಹೇಬರು ಒಳ್ಳೆಯ ಮನುಷ್ಯ.

‘ನೋಡಪಾ, ಒಂದು ಕಾಲ್‌ಗೆ ಹೋಗಿ ಕೆಲಸ ಮಾಡಿ ಬಂದ್ರ ಸಾಕು. ಇದು ಇನ್ನೂ ದುಡೀತೈತಿ ಅಂತ ಮ್ಯಾಲಿನವ್ರಿಗೆ ಹೇಳಿ ಎರಡನೇ ಗಾಡಿ ಅಂತ ಉಳಿಸ್ಕೋತೇನಿ. ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ’ ಅಂದರಂತೆ.

ಅವತ್ತು ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ಉಂಡರು. ಒಂದು ಕಾಲ್, ಒಂದೇ ಒಂದು ಕಾಲ್. ಊರಲ್ಲಿ ಬೆಂಕಿ ಬೀಳಲಿ ಅಂತ ಯಾರಾದರೂ ಬೇಡಿಕೊಳ್ಳುತ್ತಾರೆಯೇ? ಅವರು ಬೇಡಿಕೊಳ್ಳಲಿಲ್ಲ, ಆದರೆ ಟೆಲಿಫೋನ್ ಬಾರಿಸಿದರೆ ನನ್ನ ಎದೆಯೂ ಹಾರುತ್ತಿತ್ತು. ಬಂದ ಕಾಲೆಲ್ಲ ಹೊಸ ಗಾಡಿಯೊಂದಕ್ಕೇ ಸಾಲುವಂಥವು, ಬಣವೆಯದೋ ಗುಡಿಸಲಿನದೋ.

ಅಷ್ಟು ದಿನವೂ ಇವರು ಬೆಳಿಗ್ಗೆ ಎದ್ದು ಹಳೆಯ ಗಾಡಿ ಸ್ಟಾರ್ಟ್ ಮಾಡುವುದು ಬಿಡಲಿಲ್ಲ. ಬೇವಿನೆಲೆ ಗುಡಿಸಿ, ಗಂಟೆಗೆ ಹುಣಸೆಹಣ್ಣು ತಿಕ್ಕಿ, ಮೇಲೆ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದು ನೋಡುತ್ತಿದ್ದರು. ಒಂದಿಷ್ಟು ಇಳಿದಿರುತ್ತಿತ್ತು. ತೊಟ್ಟಿಯಿಂದ ಪೈಪ್ ಹಚ್ಚಿ ತುಳುಕುವವರೆಗೆ ತುಂಬುತ್ತಿದ್ದರು. ನಿಂತ ಗಾಡಿಗೆ ಯಾಕೆ ನೀರು ಅಂತ ಹೊಸ ಡ್ರೈವರ್ ಕೇಳಿದ್ದಕ್ಕೆ, ‘ಖಾಲಿ ನಿಂತ್ರ ಅದು ಫೈರ್ ಗಾಡಿ ಅಲ್ಲ, ಬರೇ ಲಾರಿ’ ಅಂದರು.

ಗಾಡಿಯ ಹೊಟ್ಟೆಯ ಕೆಳಗೆ ಸದಾ ಒದ್ದೆ. ಬೇಸಿಗೆಯಲ್ಲಿ ಓಣಿಯ ನಾಯಿಗಳೆಲ್ಲ ಅಲ್ಲೇ ಮಲಗುತ್ತಿದ್ದವು, ಗುಬ್ಬಿಗಳು ಬಂದು ಕುಡಿಯುತ್ತಿದ್ದವು. ‘ಯಾಕ್ರಿ, ಸೋರಾಕತ್ತೈತಲ್ಲ’ ಅಂದೆ ಒಂದು ದಿನ.

‘ಸೋರೋದಲ್ಲ ಅದು. ಬೆವರಾಕತ್ತೈತಿ. ತುಂಬಿದ ಟ್ಯಾಂಕ್ ಬಿಸಲಿಗೆ ಬೆವರತೈತಿ’ ಅಂದರು.

ಸಾಹೇಬರೂ ನೋಡಿದರು, ಆಪಾನ ಗಂಡನೂ ನೋಡಿದರು. ಎಲ್ಲರೂ ಬೆವರೆಂದೇ ನಂಬಿದರು. ಮೇಲಿನಿಂದ ನೋಡಿದವರಿಗೆ ಟ್ಯಾಂಕು ಯಾವತ್ತೂ ತುಂಬಿಯೇ ಇತ್ತಲ್ಲ.

ಕಡೆಗೂ ಆ ಕಾಲ್ ಬಂತು. ಮಧ್ಯಾಹ್ನ, ಉಣ್ಣುವ ಹೊತ್ತು. ಬ್ಯಾಡಗಿಯ ಹೊರಗೆ ಯಾವುದೋ ಮೆಣಸಿನಕಾಯಿ ಗೋದಾಮಿಗೆ ಬೆಂಕಿ. ಸಾಹೇಬರನ್ನು ಹತ್ತಿಸಿಕೊಂಡು ಹೊಸ ಗಾಡಿ ಕೂಡಲೇ ಹೊರಟಿತು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಮತ್ತೆ ಫೋನು: ಒಂದು ಗಾಡಿಯ ನೀರು ಸಾಲುವುದಿಲ್ಲ, ಬೇರೆ ಕಡೆಯಿಂದ ಬರುವ ಗಾಡಿ ಇನ್ನೂ ದೂರ ಇದೆ. ಠಾಣೆಯಲ್ಲಿ ಉಳಿದದ್ದು ಬೇವಿನ ಮರದ ಕೆಳಗಿನ ಗಾಡಿಯೊಂದೇ. ಸಾಹೇಬರು ಫೋನಿನಲ್ಲಿ ‘ತಗೊಂಡು ಬಾ’ ಅಂದರು. ಇವರು ತಾಟಿನಲ್ಲೇ ಕೈ ತೊಳೆದು ಎದ್ದರು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆಪಾನ ಗಂಡ ಬಗಲಿಗೆ ಕುಳಿತು ಗಂಟೆಯ ಹಗ್ಗ ಹಿಡಿದರು. ನಾವಿಬ್ಬರೂ ಹೆಂಗಸರು ಗೇಟಿನವರೆಗೆ ಓಡಿದೆವು. ಇವರು ನನ್ನ ಕಡೆ ನೋಡಿ ನಕ್ಕರು. ಮದುವೆಯ ಫೋಟೋದಲ್ಲೂ ಹಾಗೆ ನಕ್ಕಿಲ್ಲ ಆ ಮನುಷ್ಯ. ಆ ಗಂಟೆ ದೂರ ದೂರ ಹೋಗುವುದನ್ನು ಕೇಳುತ್ತಾ ನಾನು ಅತ್ತುಬಿಟ್ಟೆ, ಸಂತೋಷಕ್ಕೆ.

ಮುಂದಿನದನ್ನು ಹೇಳಿದವರು ಆಪಾನ ಗಂಡ. ಊರು ದಾಟಿ ಒಂದು ಹಂಪ್ ಮೇಲೆ ಗಾಡಿ ಜೋರಾಗಿ ಎಗರಿತಂತೆ. ಆಮೇಲೆ ಹಿಂದಿನಿಂದ ಬಂದ ಬೈಕಿನವರೆಲ್ಲ ಕೈ ಎತ್ತಿ ಬೀಸುತ್ತಿದ್ದರಂತೆ. ಹೊಲದಲ್ಲಿದ್ದವರೂ ನಿಂತು ಕೈ ಬೀಸಿದರಂತೆ. ಗಂಟೆಯ ಸದ್ದಿನಲ್ಲಿ ಯಾರು ಏನು ಅಂದರೂ ಕೇಳುವ ಹಾಗಿರಲಿಲ್ಲ. ಬಹಳ ದಿನದ ಮೇಲೆ ಹಳೆಯ ಗಾಡಿ ಕಂಡದ್ದಕ್ಕೆ ಮಂದಿಗೆ ಖುಷಿಯಾಗಿದೆ ಅಂದುಕೊಂಡು ಇವರೂ ಕೈ ಬೀಸಿದರಂತೆ. ಬ್ಯಾಡಗಿಯವರೆಗೆ ಬೀಸುತ್ತಲೇ ಹೋದರಂತೆ.

ಗೋದಾಮಿನ ಮುಂದೆ ಹಮಾಲರು ಮೂಗಿಗೆ ವಸ್ತ್ರ ಕಟ್ಟಿಕೊಂಡು ಚೀಲ ಹೊರಗೆಳೆಯುತ್ತಿದ್ದರು. ಹೊಸ ಗಾಡಿಯ ನೀರು ಮುಗಿಯುತ್ತಾ ಬಂದಿತ್ತು. ಇವರ ಗಾಡಿ ಬಂದದ್ದು ಕಂಡು ಮಂದಿ ಹೋ ಅಂದರು. ಪೈಪ್ ಬಿಚ್ಚಿ, ಹಚ್ಚಿ, ಪಂಪ್ ಚಾಲೂ ಮಾಡಿದರು. ಪೈಪ್ ಉಬ್ಬಲಿಲ್ಲ. ನೆಲಕ್ಕೆ ಚಪ್ಪಟೆಯಾಗಿಯೇ ಮಲಗಿತ್ತು. ಆಪಾನ ಗಂಡ ಮೇಲೆ ಹತ್ತಿ ಮುಚ್ಚಳ ತೆಗೆದು ನೋಡಿದರು.

‘ಅಣ್ಣಾ, ಟ್ಯಾಂಕ್ ಖಾಲಿ ಐತಿ.’

‘ಹೆಂಗ ಖಾಲಿ ಇರತೈತಿ? ಮುಂಜಾನೆ ನಾನ ತುಂಬೇನಿ’ ಅಂದರಂತೆ ಇವರು. ತಾವೇ ಹತ್ತಿ ನೋಡಿದರು. ಬುಡದಲ್ಲಿ ತುಕ್ಕು ತಿಂದ ಬಿರುಕಿನಿಂದ ಕೆಳಗಿನ ಮಣ್ಣು ಕಾಣುತ್ತಿತ್ತು. ದಾರಿಯುದ್ದಕ್ಕೂ ಮಂದಿ ಕೈ ಬೀಸಿದ್ದು ಯಾಕೆ ಅಂತ ಆಗ ತಿಳಿಯಿತಂತೆ. ಬೇರೆ ಊರಿನ ಗಾಡಿ ಬರುವ ಹೊತ್ತಿಗೆ ಗೋದಾಮಿನ ಇನ್ನೊಂದು ಮಗ್ಗುಲೂ ಹೋಗಿತ್ತು. ಯಾರ ಜೀವಕ್ಕೂ ಏನೂ ಆಗಲಿಲ್ಲ, ಅದೊಂದು ಪುಣ್ಯ. ಸಾಹೇಬರು ಬಯ್ಯಲಿಲ್ಲ. ಹತ್ತಿರ ಬಂದು ಗಾಡಿಯ ಮೂಗಿನ ಮೇಲೆ ಕೈ ಇಟ್ಟು, ಹಾಗೇ ನಡೆದುಹೋದರಂತೆ. ಬೈದಿದ್ದರೆ ಚಲೋ ಇತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಸಂಜೆ ಗಾಡಿಗಳು ತಿರುಗಿ ಬಂದವು. ಹಳೆಯದರ ಗಂಟೆ ಬಾರಿಸುತ್ತಿರಲಿಲ್ಲ, ಆದ್ದರಿಂದ ಬಂದದ್ದೇ ನಮಗೆ ತಿಳಿಯಲಿಲ್ಲ. ಹೊರಗೆ ಬಂದು ನೋಡಿದರೆ ಹೊಸ ಗಾಡಿ ತುಂಬಿ, ಮಂದಿ ಕೆಮ್ಮುತ್ತಾ ನೀರು ಕುಡಿಯುತ್ತಿದ್ದರು. ಇವರು ಮಾತ್ರ ಬೇವಿನ ಮರದ ಕೆಳಗೆ ಹಳೆಯ ಗಾಡಿಯ ಮೇಲೆ ಹತ್ತಿ, ಪೈಪ್ ಹಿಡಿದು ಟ್ಯಾಂಕ್ ತುಂಬುತ್ತಿದ್ದರು. ಮೇಲೆ ಬಿಟ್ಟ ನೀರು ಬುಡದಿಂದ ಧೋ ಅಂತ ಬೀಳುತ್ತಿತ್ತು, ಕೆಂಪು ನೀರು. ನನ್ನ ಕಿಟಕಿಯ ಕೆಳಗೆಲ್ಲ ಕೆಸರಾಯಿತು. ನಾನು ತಂಬಿಗೆ ಹಿಡಿದುಕೊಂಡು ಹೋಗಿ ನಿಂತೆ. ಅವರ ಕಣ್ಣಲ್ಲಿ ಧಾರಾಕಾರ ನೀರು. ಮೆಣಸಿನಕಾಯಿಯ ಘಾಟೋ ಮತ್ತೊಂದೋ.

‘ಕುಡೀರಿ’ ಅಂದೆ.

‘ತಡಿ. ಗಾಡಿ ತುಂಬ್ಲಿ.’

ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಆಪಾನ ಗಂಡ ಬಂದು ತೊಟ್ಟಿಯ ನಲ್ಲಿ ಬಂದ್ ಮಾಡಿದರು. ಇವರು ಇಳಿದರು, ನನ್ನ ಕೈಯಲ್ಲಿದ್ದ ತಂಬಿಗೆಯನ್ನು ನೋಡಿದರು, ಮುಟ್ಟದೆ ಒಳಗೆ ಹೋಗಿ ಮಲಗಿದರು.

ಮಳೆಗಾಲಕ್ಕೆ ಮೊದಲು ಗುಜರಿಯವನು ಬಂದ. ಗಾಡಿಯ ಕೆಳಗೆ ನುಸುಳಿ, ಟ್ಯಾಂಕಿನ ಬುಡಕ್ಕೆ ಬೆರಳು ಹಾಕಿ ತಗಡು ಪುಡಿ ಮಾಡಿ ತೋರಿಸಿದ. ‘ಇಂಜಿನ್ ಇನ್ನಾ ಗಟ್ಟಿ ಐತ್ರಿ. ನೀರು ತಗದು ಒಣಗಿಸಿ ನಿಲ್ಲಿಸಿದ್ರ ಇನ್ನಾ ಎಷ್ಟೋ ವರ್ಷ ಬರ್ತಿತ್ತು. ಯಾರ ಇಟ್ಟಾರ್ರಿ ಇದರಾಗ ನೀರು?’ ಅಂದ. ಪಾಪ, ಅವನಿಗೆ ಗೊತ್ತಿಲ್ಲ. ಇವರು ಅಲ್ಲೇ ನಿಂತಿದ್ದರು. ‘ನಾನ’ ಅಂದರು. ಗಾಡಿಯನ್ನು ಎಳೆದುಕೊಂಡು ಹೋಗುವಾಗ ಗಂಟೆ ತಾನಾಗಿಯೇ ಒಂದೆರಡು ಸಲ ಬಾರಿಸಿತು. ಆ ಗಂಟೆಯನ್ನಾದರೂ ಬೇಡಿ ಬಿಚ್ಚಿಸಿ ಇಟ್ಟುಕೊಳ್ಳಬೇಕಿತ್ತು, ಯಾರಿಗೂ ಹೊಳೆಯಲಿಲ್ಲ. ಹಿತ್ತಾಳೆ ಎಲ್ಲಿ ಕರಗಿತೋ ಏನೋ.

ಆಮೇಲೆ ಅವರು ನೀರು ಕುಡಿಯುವುದೇ ಕಡಿಮೆ ಮಾಡಿಬಿಟ್ಟರು. ನೀರಡಿಕೆ ಆಗಿದೆಯೇನು ಅಂದರೆ ‘ಆಮ್ಯಾಲ’ ಅನ್ನುತ್ತಿದ್ದರು. ಆ ಗಾಡಿಯ ಮಾತು ಮಾತ್ರ ಎತ್ತಲಿಲ್ಲ. ನಿವೃತ್ತಿಯಾಗಿ, ಮಗನ ಜೊತೆ ಹಾವೇರಿಗೆ ಬಂದೆವು. ಪ್ರೀತಿಯಿಂದ ಮಾಡಿದ್ದೇ ಪ್ರೀತಿಸಿದ್ದನ್ನು ಕೊಂದರೆ ಮನುಷ್ಯ ಯಾರ ಹತ್ತಿರ ಹೋಗಿ ಹೇಳಿಕೊಳ್ಳಬೇಕು? ನನಗಾದರೂ ಹೇಳಲಿ ಅಂತ ಕಾದೆ. ಹೇಳಲಿಲ್ಲ. ಅದೊಂದು ಹಳಹಳಿ ನನಗೆ ಹೋಗಿಲ್ಲ.

ಹೋದ ವರ್ಷ ಹಾಸಿಗೆ ಹಿಡಿದರು. ಕಡೆಯ ದಿನ ಬೆಳಿಗ್ಗೆ ಕರ್ಜಗಿಯಿಂದ ಬಳಗ ಬಂದಿತ್ತು. ಮಗ ಚಮಚದಲ್ಲಿ ನೀರು ಹಿಡಿದ, ಬಾಯಿ ತೆಗೆಯಲಿಲ್ಲ. ಸೊಸೆ ಹಿಡಿದಳು, ಇಲ್ಲ. ಇವರ ತಮ್ಮ ಗಂಗೆಯ ನೀರಿನ ಗಿಂಡಿ ತಂದಿದ್ದ, ಅದಕ್ಕೂ ಇಲ್ಲ. ಹಲ್ಲು ಕಚ್ಚಿಕೊಂಡೇ ಇದ್ದರು, ತುಟಿಗಳು ಒಣಗಿ ಬಿರಿದಿದ್ದವು. ನಾನು ಎಲ್ಲರನ್ನೂ ಸರಿಸಿ ಹತ್ತಿರ ಹೋದೆ. ಆ ಸಂಜೆ ಬೇವಿನ ಮರದ ಕೆಳಗೆ ಹೊಳೆಯದೆ ಹೋದ ಮಾತು ಈಗ ಹೊಳೆಯಿತು.

‘ಗಾಡಿ ತುಂಬೇತ್ರಿ’ ಅಂದೆ ಕಿವಿಯಲ್ಲಿ. ‘ಮ್ಯಾಲಿನ ತನಕ ತುಂಬಿ ತುಳಕಾಕತ್ತೈತಿ. ಇನ್ನ ನೀವು ಕುಡೀರಿ.’

ಅವರು ಬಾಯಿ ತೆರೆದರು.