ಬಾಳವ್ವನ ಬೆನ್ನ ಮೇಲಿನ ಕೆಂಪು ಗೆರೆ

ಎರಡು ವರ್ಷದ ಹಿಂದಿನ ಮಾತು. ಫೆಬ್ರವರಿ ತಿಂಗಳು. ಪಶುವೈದ್ಯಕೀಯ ಓದು ಕೊನೆಯ ಘಟ್ಟಕ್ಕೆ ಬಂದು, ನಾನು ಇಂಟರ್ನ್‌ಶಿಪ್ ಮಾಡುತ್ತಿದ್ದೆ. ಹೆಸರಿಗೆ ಇನ್ನೂ ‘ಡಾಕ್ಟರ್’ ಅಂಟಿರಲಿಲ್ಲ. ತಲೆಗೆ ಮಾತ್ರ ಅದು ಯಾವಾಗಲೋ ಏರಿತ್ತು.

ನಮ್ಮ ಮೂಲ ವಿಜಯಪುರ ಜಿಲ್ಲೆ. ಆದರೆ ನಾನು ಹುಟ್ಟಿ ಬೆಳೆದದ್ದೆಲ್ಲ ಬೊರಿವಲಿಯ ಒಂದು ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ. ಅಪ್ಪ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸೂಪರ್‌ವೈಸರ್. ಏಳನೇ ಇಯತ್ತೆಯವರೆಗೆ ಕನ್ನಡ ಶಾಲೆಗೆ ಹೋದದ್ದರಿಂದ ಓದು ಬರಹ ಬರುತ್ತದೆ. ಮಾತಿಗೆ ನಿಂತರೆ ಎರಡು ಕನ್ನಡಕ್ಕೆ ಮೂರು ಹಿಂದಿ ಸೇರಿಕೊಳ್ಳುತ್ತವೆ. ಕಾಲೇಜು ಸೇರುವ ತನಕ ನಾನು ಎಮ್ಮೆಯನ್ನು ಮುಟ್ಟಿದವಳೇ ಅಲ್ಲ. ನಮ್ಮ ಮನೆಗೆ ಹಾಲು ಬರುತ್ತಿದ್ದದ್ದು ಪ್ಯಾಕೆಟಿನಲ್ಲಿ. ಸೀಟು ಸಿಕ್ಕಿದ ಸುದ್ದಿ ಕೇಳಿ ಊರಿನ ಅತ್ತೆ ಫೋನಿನಲ್ಲಿ, “ದನದ ಡಾಕ್ಟ್ರಾಗಾಕ ಮುಂಬೈದಾಗ ಯಾಕ ಇರಬೇಕವಾ?” ಎಂದು ನಕ್ಕಿದ್ದಳು.

ಅತ್ತೆಗೆ ಗೊತ್ತಿರಲಿಲ್ಲ, ಮುಂಬೈಯಲ್ಲೂ ಸಾಲುಸಾಲು ಎಮ್ಮೆಗಳಿವೆ. ಗೋರೆಗಾಂವ್ ಕಡೆ ದೊಡ್ಡ ದೊಡ್ಡ ಕೊಟ್ಟಿಗೆಗಳಿವೆ, ಇಲ್ಲಿ ಅವಕ್ಕೆ ತಬೇಲಾ ಎನ್ನುತ್ತಾರೆ. ಹಾಲು ಕರೆಯುವಷ್ಟು ದಿನ ಎಮ್ಮೆಗೆ ತಬೇಲಾದಲ್ಲಿ ಜಾಗ. ಹಾಲು ಬತ್ತಿದ ಮೇಲೆ ಅದು ಗಬ್ಬವಾಗಿದ್ದರೆ ಪಾಲ್ಘರ್ ಕಡೆಯ ಹಳ್ಳಿಗೆ ಕಳಿಸುತ್ತಾರೆ. ಅಲ್ಲಿ ಮೇದು, ಕರು ಹಾಕಿ, ಮತ್ತೆ ಬರುತ್ತದೆ. ಗಬ್ಬವಿಲ್ಲದಿದ್ದರೆ ವ್ಯಾಪಾರಿಯ ಟೆಂಪೊ ಬರುತ್ತದೆ. ಆ ಟೆಂಪೊ ಹತ್ತಿದ ಎಮ್ಮೆ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು.

ಹಾಗಾಗಿ ಗಬ್ಬ ಹೌದೋ ಅಲ್ಲವೋ ಎಂದು ಹೇಳುವವರ ಬಾಯಲ್ಲೇ ಎಮ್ಮೆಯ ಜೀವ ಇರುತ್ತದೆ. ಭುಜದವರೆಗೆ ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡು, ಹಿಂದಿನಿಂದ ಸಗಣಿ ಬರುವ ದಾರಿಯಲ್ಲಿ ಕೈ ಇಳಿಸಿ, ಕರುಳಿನ ಆಚೆಗಿರುವ ಗರ್ಭಕೋಶವನ್ನು ಮುಟ್ಟಿ ತಿಳಿಯಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ. ನಮ್ಮ ಸರ್ ಇದಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಮಾಡಿದ್ದರು. ಇಡೀ ಗರ್ಭಕೋಶ ಕೈಯೊಳಗೆ ಬಂದು, ಅದರಲ್ಲಿ ಏನೂ ಇಲ್ಲ ಅಂತ ಗೊತ್ತಾದಾಗ ಮಾತ್ರ ‘ಖಾಲಿ’ ಅನ್ನಬೇಕು. ಕೈಗೆ ಸಿಗದಿದ್ದರೆ ‘ಸಿಗಲಿಲ್ಲ ಸರ್’ ಅನ್ನಬೇಕು, ಅವರು ಬಂದು ನೋಡುತ್ತಾರೆ.

ಆ ದಿನ ಬೆಳಿಗ್ಗೆ ಸರ್ ನಮ್ಮಿಬ್ಬರನ್ನು, ಅಂದರೆ ನನ್ನನ್ನೂ ನನ್ನ ಗೆಳತಿ ಸ್ನೇಹಲ್‌ಳನ್ನೂ, ರಾಮ್‌ಲಖನ್ ಶೇಠ್ ಎಂಬವರ ತಬೇಲಾಕ್ಕೆ ಕರೆದುಕೊಂಡು ಹೋಗಿದ್ದರು. ನನ್ನ ಪಾಲಿಗೆ ಹಾಲು ಬತ್ತಿದ ನಾಲ್ಕು ಎಮ್ಮೆ ಬಂದವು. ಮೊದಲ ಮೂರೂ ಏಳೆಂಟು ತಿಂಗಳ ಗಬ್ಬ, ಕೈ ಇಟ್ಟ ಕೂಡಲೇ ಕರು ಸಿಕ್ಕಿತು. ನಾಲ್ಕನೆಯದು ಬಿಳಿ ಬಾಲದ ದೊಡ್ಡ ಎಮ್ಮೆ. ನಾನೋ ಐದಡಿ ತುಂಬದವಳು. ಮರಾಠಿ ಗೆಳತಿಯರು ನನ್ನನ್ನು ‘ಬುಟಕಿ’ ಎಂದೇ ಕರೆಯುತ್ತಿದ್ದರು. ಕುಳ್ಳಿ ಎಂದು ಅರ್ಥ. ಕೈಯೂ ಅಷ್ಟೇ ಉದ್ದ. ಆ ಎಮ್ಮೆ ಬೇರೆ ತಿಣುಕಿ ತಿಣುಕಿ ನನ್ನ ತೋಳನ್ನು ಹಿಂಡುತ್ತಿತ್ತು. ಮೂರು ಎಮ್ಮೆ ನೋಡಿ ಕೈ ಮೊದಲೇ ಸೋತಿತ್ತು. ಎಷ್ಟು ತಡಕಾಡಿದರೂ ಬೆರಳಿಗೆ ಏನೂ ಹತ್ತಲಿಲ್ಲ.

ಅಷ್ಟರಲ್ಲಿ ಮೇವು ಹಾಕುತ್ತಿದ್ದ ಒಬ್ಬರು ಪಕ್ಕಕ್ಕೆ ಬಂದು ನಿಂತರು. ಐವತ್ತು ದಾಟಿದ ವಯಸ್ಸು, ತಲೆಗೆ ಟವೆಲ್ ಸುತ್ತಿದ್ದರು. ಸ್ವಲ್ಪ ಮುಂಚೆ ನಾನು ಅಮ್ಮನ ಜೊತೆ ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದರು.

“ಯವ್ವಾ, ನೀವು ನಮ್ಮ ಕಡ್ಯಾವ್ರೇನು?” ಎಂದರು. ಹೆಸರು ಸಿದ್ದಪ್ಪ, ನಮ್ಮದೇ ಜಿಲ್ಲೆಯ ಇಂಡಿ ಕಡೆಯವರು. ಇಪ್ಪತ್ತು ವರ್ಷದಿಂದ ಅಲ್ಲೇ ಕೆಲಸ. ಅವರು ಆ ಸಾಲಿನ ಎಲ್ಲ ಎಮ್ಮೆಗೂ ಒಂದೊಂದು ಹೆಸರು ಇಟ್ಟಿದ್ದರು. ಇದರ ಹೆಸರು ಬಾಳವ್ವ.

“ಈಕಿ ಖಾಲಿ ಇರಾಕಿಲ್ಲ ನೋಡ್ರಿ. ಮೊದ್ಲ ಹಿಂಡಿ ಹಾಕಿದ್ರ ಮೂಸಿ ಬಿಡಾಕಿ. ಈಗ ಮೇವಿನ ದೋಣಿ ನೆಕ್ಕತಾಳ. ಮೈಯಾಗೂ ಫರಕ್ ಐತ್ರಿ,” ಎಂದರು.

ಸ್ನೇಹಲ್‌ಗೆ ಅರ್ಥವಾಗಲಿ ಅಂತ ನಾನು ಅದನ್ನು ಹಿಂದಿಯಲ್ಲಿ ಹೇಳಿ ನಕ್ಕೆ. ಆಮೇಲೆ ಅವರ ಕಡೆ ತಿರುಗಿ, “ಕಾಕಾ, ಹಿಂಡಿ ತಿಂದ್ರ ಗಬ್ಬ ಆಗೂದಿದ್ರ ನಾವೆಲ್ಲ ಐದು ವರ್ಷ ಯಾಕ ಓದಬೇಕಿತ್ತು?” ಎಂದೆ. ಅವರೂ ಸುಮ್ಮನೆ ನಕ್ಕು, ಏನೋ ಹೇಳಲು ಬಾಯಿ ತೆರೆದು, ಹಾಗೇ ಬುಟ್ಟಿ ಎತ್ತಿಕೊಂಡು ಹೋದರು.

ಸರ್ ಕೊಟ್ಟಿಗೆಯ ಆಚೆ ತುದಿಯಲ್ಲಿ ಕಾಲು ಬಾತಿದ್ದ ಎಮ್ಮೆಯೊಂದನ್ನು ನೋಡುತ್ತಿದ್ದರು. ಅಲ್ಲಿಂದಲೇ ಕೂಗಿ ಕೇಳಿದರು. ನಾನು, “ಮೂರು ಗಬ್ಬ, ಒಂದು ಖಾಲಿ ಸರ್” ಎಂದೆ.

“ಖಾಲಿ ಪಕ್ಕಾನಾ? ಗರ್ಭಕೋಶ ಪೂರ್ತಿ ಕೈಗೆ ಬಂತಾ?”

“ಹೌದು ಸರ್.”

ಆ ‘ಹೌದು’ ಹೇಗೆ ಬಾಯಿಂದ ಬಂತೋ ಇವತ್ತಿಗೂ ತಿಳಿಯದು. ಕೈ ಚಿಕ್ಕದು, ಸಿಗಲಿಲ್ಲ ಅಂತ ಅಷ್ಟು ಜನರ ಮುಂದೆ ಕೂಗಿ ಹೇಳಲು ನಾಚಿಕೆಯಾಯಿತು, ಅಷ್ಟೇ. ಶೇಠ್ ಕೆಮ್ಮಣ್ಣು ಕಲಸಿದ ಡಬ್ಬಿ ತರಿಸಿ, ಬಾಳವ್ವನ ಬೆನ್ನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. ವ್ಯಾಪಾರಿಗೆ ಕೊಡುವ ಎಮ್ಮೆಗೆ ಅದು ಗುರುತು. ಮಧ್ಯಾಹ್ನದ ಹಾಲು ಕರೆದಾದ ಮೇಲೆ ಗಾಡಿ ಬರುತ್ತದೆ ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು.

ಸರ್‌ಗೆ ಕಾಲೇಜಿನಲ್ಲಿ ಆಪರೇಷನ್ ಇತ್ತು, ಅವರು ಹೊರಟರು. ನಾನೂ ಸ್ನೇಹಲ್ಲೂ ಗೋರೆಗಾಂವ್ ಸ್ಟೇಷನ್ನಿನಲ್ಲಿ ಸ್ಲೋ ಲೋಕಲ್ ಹತ್ತಿದೆವು. ಆ ಹೊತ್ತಿಗೆ ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಕ್ಕಿತು. ನೋಡಿದ ಪ್ರತಿ ಎಮ್ಮೆಯ ವಿವರವನ್ನು ಅದೇ ದಿನ ರಿಜಿಸ್ಟರಿನಲ್ಲಿ ತುಂಬಬೇಕು. ಮನೆಗೆ ಹೋಗಿ ಯಾರು ಬರೆಯುತ್ತಾರೆ ಎಂದು ತೊಡೆಯ ಮೇಲೆ ಇಟ್ಟುಕೊಂಡು ಶುರು ಮಾಡಿದೆ. ಮೂರು ಎಮ್ಮೆಯದು ಸರಸರ ಆಯಿತು. ನಾಲ್ಕನೆಯದಕ್ಕೆ ಬಂದಾಗ ಒಂದು ಕಾಲಂ ಹತ್ತಿರ ಪೆನ್ನು ನಿಂತಿತು. ಗರ್ಭಕೋಶ ಕೈಗೆ ಬಂತೇ, ಎಲ್ಲಿತ್ತು, ಎಷ್ಟು ದಪ್ಪ ಇತ್ತು?

ಏನಂತ ಬರೆಯಲಿ? ನಾನು ಮುಟ್ಟಿಯೇ ಇರಲಿಲ್ಲ. ಆಗ ಇನ್ನೊಂದು ಮಾತು ನೆನಪಾಯಿತು. ನಾಲ್ಕೈದು ತಿಂಗಳ ಗಬ್ಬದಲ್ಲಿ ಕರುವಿನ ಭಾರಕ್ಕೆ ಗರ್ಭಕೋಶ ಹೊಟ್ಟೆಯ ಆಳಕ್ಕೆ ಜಾರುತ್ತದೆ. ಕೈ ಹಾಕಿದವರಿಗೆ ಎಲ್ಲ ಬರಿದಾದಂತೆ ಅನಿಸುತ್ತದೆ. ಹೊಸಬರು ಮಾಡುವ ತಪ್ಪು ಇದೇ ಎಂದು ಸರ್ ಹೇಳಿದ್ದನ್ನು ನಾನೇ ನೋಟ್ಸಿನಲ್ಲಿ ಅಡಿಗೆರೆ ಎಳೆದು ಬರೆದುಕೊಂಡಿದ್ದೆ.

ಸರ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಆಪರೇಷನ್ ಶುರುವಾಗಿರಬೇಕು. ಶೇಠ್ ಅವರ ನಂಬರು ನಮ್ಮ ಬಳಿ ಇರಲಿಲ್ಲ. ಸ್ನೇಹಲ್‌ಗೆ ವಿಷಯ ಹೇಳಿದೆ. ಅವಳು ಒಳ್ಳೆಯವಳೇ. “ಜಾವು ದೇ ನಾ, ಬಿಡು, ಖಾಲಿನೇ ಇರಬಹುದು. ಹೋಗಿ ಮರ್ಯಾದೆ ಯಾಕೆ ಕಳೆದುಕೊಳ್ತೀಯಾ? ಯಾರಿಗೂ ಗೊತ್ತಾಗಲ್ಲ,” ಎಂದಳು.

ಅವಳು ಹೇಳಿದ್ದು ನಿಜ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನಗೂ ಮನೆಗೆ ಹೋಗಿ ಊಟ ಮಾಡಿ ಮಲಗಬೇಕು ಅನಿಸಿತ್ತು. ಮಾಲಾಡ್ ದಾಟುವವರೆಗೂ ಕೂತೇ ಇದ್ದೆ. ಕಾಂದಿವಲಿ ಬಂದಾಗ ಎದ್ದು ಇಳಿದುಬಿಟ್ಟೆ. “ಅಗ, ಕುಠೇ? ಎಲ್ಲಿಗೆ?” ಎಂದು ಸ್ನೇಹಲ್ ಕೂಗಿದ್ದು ಹಿಂದಿನಿಂದ ಕೇಳಿಸಿತು. ಬ್ರಿಡ್ಜ್ ಹತ್ತಿ ಆಚೆ ಪ್ಲಾಟ್‌ಫಾರ್ಮಿಗೆ ಓಡಿದೆ. ವಾಪಸ್ ಗೋರೆಗಾಂವ್, ಅಲ್ಲಿಂದ ರಿಕ್ಷಾ. ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಾಗಲೆಲ್ಲ ಡ್ರೈವರನ ತಲೆ ತಿಂದೆ.

ನಾನು ಹೋಗುವಷ್ಟರಲ್ಲಿ ಟೆಂಪೊ ಬಂದು ನಿಂತಿತ್ತು. ಗಾಡಿಗೆ ಹತ್ತಿಸಲು ಮಾಡಿದ ಮಣ್ಣಿನ ದಿಬ್ಬದ ಮೇಲೆ ಬಾಳವ್ವ ಮುಂಗಾಲು ಊರಿ, ಮುಂದಕ್ಕೆ ಹೋಗಲು ಒಲ್ಲದೆ ನಿಂತಿದ್ದಳು. ಹಗ್ಗ ಹಿಡಿದಿದ್ದವರು ಸಿದ್ದಪ್ಪ ಕಾಕಾ. ಎಳೆಯುವವರ ಹಾಗೇನೂ ಕಾಣಲಿಲ್ಲ.

“ಶೇಠ್‌ಜಿ, ಒಂದು ನಿಮಿಷ. ಇನ್ನೊಂದು ಸಲ ನೋಡಬೇಕು. ನನ್ನಿಂದ ತಪ್ಪಾಗಿದೆ,” ಎಂದು ಹಿಂದಿಯಲ್ಲಿ ಹೇಳಿದೆ. ಏದುಸಿರು ಬರುತ್ತಿತ್ತು.

ಶೇಠ್‌ಗೆ ಸಿಟ್ಟು ಬಂತು. ವ್ಯಾಪಾರಿ ಪಕ್ಕದಲ್ಲೇ ನಿಂತಿದ್ದ. “ಬೆಳಿಗ್ಗೆ ನೀವೇ ಖಾಲಿ ಅಂದಿರಿ. ಈಗ ನೀವೇ ತಪ್ಪು ಅಂತೀರಿ. ನಾನು ಬೆಳಗಿನ ಡಾಕ್ಟರನ್ನು ನಂಬಲೋ, ಮಧ್ಯಾಹ್ನದ ಡಾಕ್ಟರನ್ನು ನಂಬಲೋ?” ಎಂದರು.

“ಬೆಳಿಗ್ಗೆ ನಾನು ಸುಳ್ಳು ಹೇಳಿದೆ. ಗರ್ಭಕೋಶ ನನ್ನ ಕೈಗೆ ಸಿಗಲೇ ಇಲ್ಲ. ಸಿಕ್ಕಿತು ಅಂದುಬಿಟ್ಟೆ,” ಎಂದೆ. ಹೇಳಿ ಮುಗಿಸುವಾಗ ಕಣ್ಣಲ್ಲಿ ನೀರು ಬಂದಿತ್ತು.

ಶೇಠ್ ತಲೆ ಅಲ್ಲಾಡಿಸಿದರು. “ಇದನ್ನು ನಾನು ಕೋಣಕ್ಕೆ ಬಿಟ್ಟೇ ಇಲ್ಲ ಬೇಟಿ. ಬಿಡದೆ ಗಬ್ಬ ಎಲ್ಲಿಂದ ಆಗುತ್ತೆ? ಸುಮ್ಮನೆ ಗಾಡಿ ತಡೀಬೇಡಿ.”

ಟೆಂಪೊ ಡ್ರೈವರ್ ಹಾರ್ನ್ ಹೊಡೆದ. ಆಗ ಸಿದ್ದಪ್ಪ ಕಾಕಾ ಹಗ್ಗವನ್ನು ಕಂಬಕ್ಕೆ ಸುತ್ತಿ, ತಲೆಯ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು.

“ಭೈಂಸಾ ಛೂಟಾ ಥಾ, ಶೇಠ್,” ಎಂದರು. ಕೋಣ ಬಿಚ್ಚಿಕೊಂಡಿತ್ತು, ಎಂದು. ಗಣಪತಿ ವಿಸರ್ಜನೆಯ ದಿನ ಎಲ್ಲರೂ ಮೆರವಣಿಗೆ ನೋಡಲು ಹೋಗಿದ್ದರಂತೆ. ಇವರೂ ಅವಸರದಲ್ಲಿ ಕೋಣವನ್ನು ಸಡಿಲವಾಗಿ ಕಟ್ಟಿ ಹೋಗಿದ್ದರು. ವಾಪಸ್ ಬಂದು ನೋಡಿದರೆ ಕೋಣ ಬಾಳವ್ವನ ಹತ್ತಿರ ಇತ್ತು. ಗಂಟು ಹಾಕುವುದು ಇವರ ಕೆಲಸ. ಹೇಳಿದರೆ ಕೆಲಸ ಹೋಗುತ್ತದೆ ಎಂದು ಹೆದರಿ, ಮತ್ತೆ ಕಟ್ಟಿ ಸುಮ್ಮನಾಗಿದ್ದರು.

ಶೇಠ್ ಕಾಕಾನನ್ನು ದುರುಗುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ಕೈ ಮಾಡಿ, “ದೇಖೋ,” ಎಂದರು.

ಗಣಪತಿ ಹಬ್ಬದಿಂದ ಲೆಕ್ಕ ಹಾಕಿದರೆ ಐದು ತಿಂಗಳು. ಬ್ಯಾಗಿನಲ್ಲಿ ಒಂದೇ ಒಂದು ಕೈಗವಸು ಉಳಿದಿತ್ತು. ಬಕೆಟ್ ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತೆ. ಮೊದಲು ಗರ್ಭಕೋಶಕ್ಕೆ ರಕ್ತ ಒಯ್ಯುವ ನಾಳ ಹುಡುಕಿದೆ. ಗಬ್ಬದಲ್ಲಿ ಅದು ಬೆರಳಿನ ಅಡಿ ಸಣ್ಣಗೆ ನಡುಗುತ್ತದೆ, ಸೈಲೆಂಟಿನಲ್ಲಿಟ್ಟ ಮೊಬೈಲಿನ ಹಾಗೆ. ನಡುಗುತ್ತಿತ್ತು. ಆದರೂ ನನಗೆ ಧೈರ್ಯ ಬರಲಿಲ್ಲ. “ಕಾಕಾ, ಹಲಗೆ ತಂದು ಹೊಟ್ಟಿ ಕೆಳಗಿನಿಂದ ಮ್ಯಾಲೆ ಎತ್ರಿ,” ಎಂದೆ. ಅವರೂ ಇನ್ನೊಬ್ಬ ಕೆಲಸದವರೂ ಹಲಗೆಯ ಎರಡು ತುದಿ ಹಿಡಿದು ನಿಧಾನಕ್ಕೆ ಎತ್ತಿದರು. ನಾನು ಕೈಯನ್ನು ಭುಜ ನೋಯುವಷ್ಟು ಮುಂದಕ್ಕೆ ಚಾಚಿದೆ. ಏನೋ ಗಟ್ಟಿಯಾದದ್ದು ಬಂದು ಬೆರಳ ತುದಿಗೆ ತಾಗಿ ಹಿಂದೆ ಸರಿಯಿತು. ಸ್ವಲ್ಪ ತಡೆದು ಮತ್ತೆ ಬಂದು ತಾಗಿತು.

“ಐತಿ ಕಾಕಾ,” ಎಂದೆ. ಹಿಂದಿ ಆ ಹೊತ್ತಿಗೆ ನಾಲಿಗೆಗೆ ಬರಲಿಲ್ಲ. ಶೇಠ್‌ಗೆ ಅದನ್ನು ಯಾರೂ ತಿಳಿಸಿ ಹೇಳಬೇಕಾಗಲಿಲ್ಲ.

ಟೆಂಪೊ ಖಾಲಿ ಹೋಯಿತು. ಶೇಠ್ ಸಿದ್ದಪ್ಪ ಕಾಕಾನಿಗೆ ಹತ್ತು ನಿಮಿಷ ಬಾಯಿಗೆ ಬಂದಂತೆ ಬೈದರು. ಬೈದು ಸುಸ್ತಾದ ಮೇಲೆ, “ನಾಳೆ ಪಾಲ್ಘರ್ ಗಾಡಿಗೆ ಇವಳನ್ನು ನೀನೇ ಹತ್ತಿಸು,” ಎಂದರು. ಕೆಲಸದಿಂದ ತೆಗೆಯಲಿಲ್ಲ. ಬಾಳವ್ವ ಬೇಸಿಗೆ ಕಳೆದ ಮೇಲೆ ಹೆಣ್ಣು ಕರು ಹಾಕಿದಳಂತೆ. ನಾನು ನೋಡಲಿಲ್ಲ.

ಸಂಜೆ ಸರ್ ಫೋನ್ ಮಾಡಿದಾಗ ಎಲ್ಲವನ್ನೂ ಹೇಳಿದೆ. “ವಾಪಸ್ ಹೋದದ್ದು ಸರಿ. ಆದರೆ ನನಗೆ ಸುಳ್ಳು ಹೇಳಿದ್ದೀಯ. ಎರಡು ವಾರ ನೀನು ಎಮ್ಮೆ ನೋಡು, ಬರೆ. ಗಬ್ಬ, ಖಾಲಿ ಅಂತ ಮಾಲೀಕರಿಗೆ ಬಾಯಿಬಿಟ್ಟು ಹೇಳಬೇಡ,” ಎಂದರು. ಆ ಶಿಕ್ಷೆ ನನಗೆ ಹೆಚ್ಚು ಅನಿಸಲಿಲ್ಲ.

ನನಗೆ ಮರೆಯಲಾಗದ್ದು ಬೇರೆ. ಆ ದಿನ ನಾನು ಹೊರಟಾಗ ಸಿದ್ದಪ್ಪ ಕಾಕಾ ಗೇಟಿನವರೆಗೆ ಬಂದರು. ಬೈಗುಳ ತಿಂದ ಮುಖದಲ್ಲಿ ಬೇಜಾರೇನೂ ಕಾಣಲಿಲ್ಲ. ನಾನು ತಡೆಯಲಾರದೆ ಕೇಳಿದೆ, “ಕಾಕಾ, ಕೋಣದ ಮಾತು ಮುಂಜಾನೆನೇ ನನಗ ಹೇಳಬಾರದಿತ್ತೇನು? ಇಷ್ಟೆಲ್ಲಾ ಆಗ್ತಾನೇ ಇರಲಿಲ್ಲ.”

ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. “ಅರ್ಧಾ ಹೇಳಿದ್ನಲ್ಲವಾ. ಶೇಠ್‌ಗ ಹೇಳಾಕ ಹೆದರಿಕಿ ಇತ್ತು. ನೀವು ನಮ್ಮ ಕಡ್ಯಾವ್ರು, ನಿಮಗ ಹೇಳೂನು ಅಂತನ ಬಂದಿದ್ದೆ. ನೀವು ನಕ್ರಿ. ಉಳದರ್ಧಾ ಅಲ್ಲೇ ಉಳೀತು.”

ಬೈದು ಹೇಳಿದ್ದರೆ ಚೆನ್ನಾಗಿತ್ತು. ಮಾಮೂಲಿ ಮಾತಿನ ಹಾಗೆ ಹೇಳಿ, ರಿಕ್ಷಾ ನಿಲ್ಲಿಸಿ ಕೊಟ್ಟು, ಒಳಗೆ ಹೋದರು.

ಈಗ ನನ್ನ ಹೆಸರಿಗೆ ಡಾಕ್ಟರ್ ಅಂಟಿದೆ. ತಬೇಲಾಕ್ಕೆ ಹೋದರೆ ಕೈಗವಸು ಹಾಕಿಕೊಳ್ಳುವ ಮೊದಲು ಮೇವು ಹಾಕುವವರ ಹತ್ತಿರ ಹೋಗಿ ನಿಲ್ಲುತ್ತೇನೆ. ಅವರು ಹೇಳಿದ್ದು ಕೆಲವೊಮ್ಮೆ ಸರಿ ಇರುತ್ತದೆ, ಕೆಲವೊಮ್ಮೆ ಪೂರ್ತಿ ತಪ್ಪು. ಹಾಗಿದ್ದರೂ ಅವರು ಮಾತು ಮುಗಿಸುವವರೆಗೆ ನಾನು ಬಾಯಿ ತೆರೆಯುವುದಿಲ್ಲ. ಆ ಬೆಳಗಿನ ನನ್ನ ನಗು ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ.