ಹದಿಮೂರು ಮುಳ್ಳಿನ ಕಾಣೆ

ಗುಣವತಿ ಮೀನು ಕೊಯ್ಯುವ ಮೊದಲು ಎಣಿಸುತ್ತಾಳೆ ಎಂದು ಮಣ್ಣಗುಡ್ಡದ ಆ ಓಣಿಯವರು ನಗುತ್ತಿದ್ದರು. ಎಷ್ಟು ಮೀನು ಎಂದು ಎಣಿಸುತ್ತಾಳೆಂದೇ ಅವರು ತಿಳಿದಿದ್ದರು. ಅವಳು ಎಣಿಸುತ್ತಿದ್ದುದು ಮೀನಿನ ಬೆನ್ನಿನ ರೆಕ್ಕೆಯಲ್ಲಿರುವ ಮುಳ್ಳುಗಳನ್ನು.

ಅವಳ ಗಂಡ ಲೋಕನಾಥ ಕಾಲೇಜೊಂದರ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕ. ಅಲ್ಲಿಯ ಅಧ್ಯಾಪಕ ಸೆವರಿನ್ ಡಿಸಾ ಈ ಕರಾವಳಿಯ ಮೀನುಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಒಂದು ಮಧ್ಯಾಹ್ನ ಲೋಕನಾಥ ಬುತ್ತಿ ಬಿಚ್ಚಿದಾಗ ಅದಕ್ಕೆ ಸುತ್ತಿದ್ದ ಹಳೆಯ ಕ್ಯಾಲೆಂಡರಿನ ಹಾಳೆ ಅವರ ಕಣ್ಣಿಗೆ ಬಿತ್ತು. ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಬಂಗುಡೆ ಮೀನು. ಸೆವರಿನ್ ಎಣ್ಣೆ ಹಿಡಿದ ಆ ಕಾಗದವನ್ನು ಕಿಟಕಿಯ ಬಳಿ ಕೊಂಡುಹೋಗಿ ರೆಕ್ಕೆಯ ಗೆರೆಗಳನ್ನು ಒಂದೊಂದಾಗಿ ಎಣಿಸಿದರು. ಸರಿಯಾಗಿದ್ದವು. ಅದು ೧೯೫೬ನೆಯ ಇಸವಿ. ಗುಣವತಿ ಎಂಟನೆಯ ತರಗತಿ ಓದಿದವಳು, ಆಗ ಮೂವತ್ತು ವರ್ಷ.

ಸೆವರಿನ್ ಬಣ್ಣ, ಕುಂಚ, ದಪ್ಪ ಕಾಗದ ಕಳಿಸಿಕೊಟ್ಟರು. ಮೀನಿನ ತಲೆ ಯಾವಾಗಲೂ ಎಡಕ್ಕಿರಬೇಕು ಎಂಬುದೊಂದು ನಿಯಮ. ಪ್ರತಿ ಕಾಗದದ ಕೆಳಗೆ ಅವರೇ ಗೆರೆ ಎಳೆದು ಉದ್ದ, ಮುಳ್ಳು, ಬಣ್ಣ, ಮಾಂಸ ಎಂದು ಬರೆದಿರುತ್ತಿದ್ದರು. ಅದನ್ನು ಅವಳು ತುಂಬಬೇಕು. ಹೊಸ ಜಾತಿಯದು ಎಂದು ಕಂಡರೆ ಮೀನನ್ನೇ ಕೊಳೆಯದಂತೆ ಫಾರ್ಮಾಲಿನ್ ಬಾಟಲಿಯಲ್ಲಿ ಹಾಕಿ ಇಡಬೇಕು, ಚಿತ್ರವೊಂದನ್ನೇ ಯಾರೂ ನಂಬುವುದಿಲ್ಲ ಎಂದೂ ಹೇಳಿದ್ದರು.

ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಮೀನು ಮಾರಲು ಬರುವ ಜಯಕ್ಕ ಬುಟ್ಟಿ ಇಳಿಸುವ ಹೊತ್ತಿಗೆ ಮೀನಿನ ಬಣ್ಣ ಹೋಗತೊಡಗಿರುತ್ತಿತ್ತು. ಆದ್ದರಿಂದ ಗುಣವತಿ ಮೊದಲು ಕಾಗದದ ಅಂಚಿನಲ್ಲಿ ಬಣ್ಣಗಳನ್ನಷ್ಟೇ ಚುಕ್ಕೆ ಚುಕ್ಕೆಯಾಗಿ ಹಚ್ಚಿಡುತ್ತಿದ್ದಳು. ಅಷ್ಟರಲ್ಲಿ ಒಲೆಯ ಮೇಲೆ ಕುಚ್ಚಲಕ್ಕಿ ಅರ್ಧ ಬೆಂದಿರುತ್ತಿತ್ತು. ಉದ್ದವನ್ನು ನೂಲಿನಿಂದ ಅಳೆದು, ರೆಕ್ಕೆ ಬಿಡಿಸಿ, ಸೂಜಿಯ ಮೊನೆಯಿಂದ ಮುಳ್ಳು ಎಣಿಸಿ ಬರೆದುಕೊಂಡ ಮೇಲೆ ಅದೇ ಮೀನನ್ನು ಬೂದಿ ಹಾಕಿ ಉಜ್ಜಿ, ಮೆಟ್ಟುಕತ್ತಿಯಲ್ಲಿ ಕೊಯ್ದು, ಮಸಾಲೆ ಅರೆದು ಪದಾರ್ಥ ಮಾಡುತ್ತಿದ್ದಳು. ಎಲ್ಲರೂ ಉಂಡು ಪಾತ್ರೆ ತೊಳೆದಾದ ನಂತರ ಮೂರು ಗಂಟೆಗೆ ಚಿತ್ರಕ್ಕೆ ಕೂರುವುದು. ನಾಲ್ಕೂವರೆಗೆ ಮಾಮಿಗೆ, ಅಂದರೆ ಅತ್ತೆಗೆ, ಚಹಾ ಆಗಬೇಕು. ಈ ಒಂದೂವರೆ ಗಂಟೆಯಲ್ಲಿ ನಾಲ್ಕು ವರ್ಷದಲ್ಲಿ ಅವಳು ಅರವತ್ತು ಮೀನು ಬರೆದಳು.

೧೯೬೦ರ ಜನವರಿಯ ಒಂದು ಭಾನುವಾರ ಜಯಕ್ಕನ ಬುಟ್ಟಿಯಲ್ಲಿ ಬರೀ ಎಂಟು ಮೀನುಗಳಿದ್ದವು, ಅವುಗಳಲ್ಲಿ ಏಳು ಕಾಣೆ.

"ಇವತ್ತು ಇಷ್ಟೇ ಗುಣಕ್ಕ. ಇದೊಂದು ಯಾವುದೋ ಗೊತ್ತಿಲ್ಲ, ನಮ್ಮ ಅತ್ತೆಯೂ ಕಂಡದ್ದಿಲ್ಲವಂತೆ. ನಿಮ್ಮ ಮಾಸ್ಟ್ರಿಗೆ ಆದೀತು ಅಂತ ತಂದೆ."

ಎಂಟನೆಯದು ಕಾಣೆಯಂತೆಯೇ ಸಪೂರ. ಆದರೆ ಪಕ್ಕೆಯಲ್ಲಿ ಅರಸಿನದ ಬಣ್ಣದ ಚುಕ್ಕೆಗಳ ಸಾಲು, ಕಿವಿರಿನ ಬಳಿ ನೀಲಿ ಗೆರೆ. ಗುಣವತಿ ಸೂಜಿ ತಂದು ಎಣಿಸಿದಳು. ಕಾಣೆಯ ಬೆನ್ನಿನ ಮುಂದಿನ ರೆಕ್ಕೆಗೆ ಹನ್ನೊಂದು ಮುಳ್ಳು. ಇದಕ್ಕೆ ಹದಿಮೂರು. ಇನ್ನೊಮ್ಮೆ ಎಣಿಸಿದಳು. ಸೆವರಿನ್ ಕೊಟ್ಟ ಯಾವ ಪಟ್ಟಿಯಲ್ಲೂ ಇಂಥದು ಇರಲಿಲ್ಲ.

ಆ ದಿನ ಅಂಚಿನಲ್ಲಿ ಬಣ್ಣ ಹಚ್ಚಿ ಬಿಡಲಿಲ್ಲ. ಅಲ್ಲೇ ಕೂತು ಪೂರ್ತಿ ಚಿತ್ರ ಬರೆದಳು. ಅನ್ನ ತಳ ಹಿಡಿಯಿತು. ಮಾಮಿ ಎರಡು ಸಲ ಬಾಗಿಲಿಗೆ ಬಂದು ಹೋದರು. ಆಮೇಲೆ ಮೀನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೋಗುಣಿಯಲ್ಲಿಟ್ಟು, ಲ್ಯಾಬಿನ ಬೀಗ ತೆಗೆದು ಇದನ್ನು ಬಾಟಲಿಗೆ ಹಾಕಿ ಬನ್ನಿ ಎಂದು ಗಂಡನಿಗೆ ಹೇಳಿದಳು. ಬೀಗದ ಕೈ ಅವನ ಹತ್ತಿರವೇ ಇತ್ತು, ಸೈಕಲ್ಲೂ ಇತ್ತು. ಊಟವಾದ ಮೇಲೆ ಹೋಗುತ್ತೇನೆ ಎಂದು ಅವನು ಪೇಪರಿನಿಂದ ತಲೆ ಎತ್ತದೆ ಹೇಳಿದ.

ಹನ್ನೆರಡಕ್ಕೆ ಲೋಕನಾಥನ ಅಣ್ಣ ಮಹಾಬಲ ಇಬ್ಬರು ನೆಂಟರನ್ನು ಕರೆದುಕೊಂಡು ಬಂದ. ಮೊದಲೇ ಹೇಳಿ ಕಳಿಸಿರಲಿಲ್ಲ. ಗಂಡಸರು ನಾಲ್ಕು ಮಂದಿ. ಒಬ್ಬೊಬ್ಬರಿಗೆ ಎರಡೆರಡು ಮೀನಾದರೂ ಬಡಿಸದೆ ಹೇಗೆ ಎಂಬುದು ಮಾಮಿಯ ಚಿಂತೆ. ಮಡಕೆಯ ಬಳಿ ಇದ್ದದ್ದು ಏಳು.

"ಆ ಬೋಗುಣಿಯಲ್ಲಿ ಒಂದು ಉಂಟಲ್ಲ?" ಎಂದರು.

"ಅದು ಕಾಲೇಜಿಗೆ, ಮಾಮಿ."

"ಕಾಲೇಜು ಮೀನು ತಿನ್ನುತ್ತದಾ? ಒಂದು ಎಲೆಯಲ್ಲಿ ಎರಡು, ಇನ್ನೊಂದರಲ್ಲಿ ಒಂದು ಬಡಿಸಿದರೆ ನಾಳೆ ಊರಿಡೀ ಮಾತಾಗ್ತದೆ."

ಗುಣವತಿ ಚಾವಡಿಯ ಬಾಗಿಲಿಗೆ ಹೋಗಿ ಗಂಡನನ್ನು ಕರೆದಳು. ನೆಂಟರ ಎದುರು ಎದ್ದು ಬರಬೇಕಾದ್ದು ಅವನಿಗೆ ಕಷ್ಟವಾಯಿತು. "ನಾಳೆ ಜಯಕ್ಕನ ಹತ್ತಿರ ಇನ್ನೊಂದು ತರಿಸುವ ಮಾರಾಯ್ತಿ. ಸಮುದ್ರ ಎಂತ ಬತ್ತಿ ಹೋಗ್ತದಾ?" ಎಂದು ಪಿಸುಗುಟ್ಟಿ ಹೋದ.

ಕೊಯ್ದವಳು ಅವಳೇ. ಮಾಮಿಗೆ ಮಂಡಿನೋವು, ಮೆಟ್ಟುಕತ್ತಿಯ ಮುಂದೆ ಕೂರಲು ಆಗುತ್ತಿರಲಿಲ್ಲ. ಬೆನ್ನಿನ ರೆಕ್ಕೆಯನ್ನು ಮಾತ್ರ ಬೇರೆ ತೆಗೆದು ತೆಂಗಿನ ಚಿಪ್ಪಿನಲ್ಲಿಟ್ಟಳು. ಉಳಿದದ್ದು ಏಳರ ಜೊತೆಗೆ ಹುಳಿಖಾರದ ಪುಳಿಮುಂಚಿಯ ಮಡಕೆಗೆ ಹೋಯಿತು. ಕುದಿ ಬಂದ ಮೇಲೆ ಯಾವುದು ಯಾವುದೆಂದು ಅವಳಿಗೂ ತಿಳಿಯಲಿಲ್ಲ. ಬಡಿಸುವಾಗ ಎಲೆಗೆ ಎರಡರಂತೆ ಸರಿಹೋಯಿತು. ನೆಂಟರಲ್ಲಿ ಒಬ್ಬ ಮೀನಿನ ಮುಳ್ಳನ್ನೂ ಅಗಿದು ನುಂಗುವವನಾಗಿದ್ದ. ಎಲೆ ತೆಗೆಯುವಾಗ ಅವಳು ಉಳಿದ ಮೂರು ಎಲೆಗಳ ಮುಳ್ಳನ್ನು ಕೆದಕಿ ನೋಡಿದಳು. ಸಿಕ್ಕಿದ ಆರೂ ಒಂದೇ ತರಹ, ಕಾಣೆಯವೇ ಆಗಿದ್ದವು.

ಮರುದಿನ ಅವಳೇ ಕಾಲೇಜಿಗೆ ಹೋದಳು, ಮೊದಲ ಸಲ. ಮೀನು ಮಡಕೆಗೆ ಹೋದದ್ದನ್ನು ಹೇಳಿದಳು. ಸೆವರಿನ್ ಚಿತ್ರವನ್ನು ಮೇಜಿನ ಮೇಲಿಟ್ಟು ನೋಡಿದರು. ಕಾಗದಕ್ಕೆ ಅಂಟಿಸಿದ್ದ ಒಣ ರೆಕ್ಕೆಯನ್ನು ಭೂತಗನ್ನಡಿಯಿಂದ ನೋಡಿದರು. ಹದಿಮೂರು ಎಂದು ತಮಗೆ ತಾವೇ ಹೇಳಿಕೊಂಡರು. ನಾನು ನಂಬುತ್ತೇನೆ, ಆದರೆ ಒಂದು ರೆಕ್ಕೆಯಿಂದ ಹೊಸ ಮೀನಿಗೆ ಯಾರೂ ಹೆಸರು ಕೊಡುವುದಿಲ್ಲ, ಇಡೀ ಮೀನು ಬೇಕು ಎಂದರು. ಬೈಯಲಿಲ್ಲ. ಚಿತ್ರದ ಕೆಳಗೆ ಖಾಲಿ ಬಿಟ್ಟಿದ್ದ ಗೆರೆಯ ಮೇಲೆ ಬೆರಳಿಟ್ಟು ಕೇಳಿದರು:

"ಮಾಂಸ ಹೇಗಿತ್ತು ಗುಣವತಿಯವರೇ? ಬಿಳಿಯಾ? ಕಾಣೆಯ ಹಾಗೆ ಮೆತ್ತಗಾ? ಅದಾದರೂ ಬರೆದಿಡುವ. ತಿಂದಿದ್ದೀರಲ್ಲ."

"ನನಗೆ ಸಿಕ್ಕಲಿಲ್ಲ ಸರ್," ಎಂದಳು ಗುಣವತಿ. "ಎಂಟೇ ಇದ್ದದ್ದು. ನಾನು ರಸದಲ್ಲಿ ಉಂಡೆ."

ಸೆವರಿನ್ ಪೆನ್ನಿನ ಮುಚ್ಚಳ ಹಾಕಿದರು.

ಜಯಕ್ಕ ಆ ವರ್ಷವಿಡೀ ಬಲೆಯವರಿಗೆಲ್ಲ ಹೇಳಿಟ್ಟಳು. ಗುಣವತಿ ಕೂಡ ದೋಣಿ ಹತ್ತಿ ಬೆಂಗ್ರೆಗೆ ಹೋಗಿ ಬಲೆ ಬಿಡಿಸುವಲ್ಲಿ ಕೂತು ಬಂದಳು, ಮೂರು ನಾಲ್ಕು ಸಲ. ಹನ್ನೆರಡರೊಳಗೆ ಮನೆ ಮುಟ್ಟಬೇಕಾಗಿದ್ದುದರಿಂದ ಕೊನೆಯ ಬಲೆ ಬಿಡಿಸುವುದನ್ನು ಒಮ್ಮೆಯೂ ನೋಡಲಾಗಲಿಲ್ಲ. ಪುಸ್ತಕ ೧೯೬೪ರಲ್ಲಿ ಅಚ್ಚಾಯಿತು. ಅದರಲ್ಲಿ ಅವಳ ಅರವತ್ತು ಮೀನುಗಳಿದ್ದವು. ಮುನ್ನುಡಿಯಲ್ಲಿ ಸೆವರಿನ್ ಶ್ರೀಮತಿ ಲೋಕನಾಥ ಅವರಿಗೆ ವಂದನೆ ಹೇಳಿದ್ದರು. ಅರವತ್ತೊಂದನೆಯ ಚಿತ್ರವನ್ನು ರೆಕ್ಕೆಯ ಸಮೇತ ಅವಳಿಗೇ ಹಿಂದೆ ಕೊಟ್ಟರು. ಅದನ್ನು ಅವಳು ಸೀರೆಯ ಪೆಟ್ಟಿಗೆಯ ತಳದಲ್ಲಿಟ್ಟಳು. ಆ ಭಾನುವಾರದ ಮೇಲೆ ಅವಳು ಬಣ್ಣ ಮುಟ್ಟಲಿಲ್ಲ. ಎಣಿಸುವುದನ್ನು ಮಾತ್ರ ಬಿಡಲಿಲ್ಲ.

ಮಾಮಿ ತೀರಿಕೊಂಡು ವರ್ಷ ಕಳೆದ ಮೇಲೆ, ೧೯೬೮ರಲ್ಲಿ, ಮಹಾಬಲ ಬಂದಿದ್ದ. ಆ ದಿನವೂ ಕಾಣೆ. ಬಡಿಸುತ್ತಾ ಗುಣವತಿ ಕೇಳಿದಳು.

"ಭಾವ, ಎಂಟು ವರ್ಷದ ಹಿಂದೆ ನೀವು ಇಬ್ಬರನ್ನು ಕರೆದುಕೊಂಡು ಬಂದಿದ್ದಿರಿ, ಭಾನುವಾರ. ಪುಳಿಮುಂಚಿ ಮಾಡಿದ್ದೆ. ಅದರಲ್ಲಿ ಒಂದು ಮೀನಿನ ರುಚಿ ಬೇರೆ ಇತ್ತು ಅಂತ ಯಾರಾದರೂ ಅಂದರಾ?"

ಮಹಾಬಲ ತುತ್ತು ಹಿಡಿದುಕೊಂಡೇ ತಮ್ಮನ ಮುಖ ನೋಡಿದ. ಲೋಕನಾಥ ತಲೆ ತಗ್ಗಿಸಿ ಉಣ್ಣುತ್ತಿದ್ದ.

"ನಿನ್ನೆ ಉಂಡದ್ದೇ ನೆನಪಿಲ್ಲ ಮಾರಾಯ್ತಿ," ಎಂದು ಮಹಾಬಲ ನಕ್ಕ. "ಚಂದ ಆಗಿದೆ ಇವತ್ತಿನದು. ಇನ್ನೊಂದು ಉಂಟಾ?"

ಮಡಕೆಯಲ್ಲಿ ಒಂದು ಇತ್ತು. ಅವಳು ಅದನ್ನೂ ತಂದು ಬಡಿಸಿದಳು. ಬೆಳಿಗ್ಗೆ ಎಣಿಸಿದ್ದಳು, ಅದಕ್ಕೂ ಹನ್ನೊಂದೇ.