ಮನೆಯೊಳಗೆ ಹಾಕದ ಶೂ

ಬೆಟ್ಟ ಹತ್ತುವ ಹೊಸಬರಿಗೆ ಏನೇನು ಬೇಕೆಂದು ಈಗ ನನ್ನನ್ನು ಕೇಳಿ, ಹೇಳುತ್ತೇನೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ಆದರೂ ಮೊಮ್ಮಗಳು ಪಲ್ಲವಿ ಗೆಳತಿಯರನ್ನೆಲ್ಲ ಬಿಟ್ಟು, "ಅಜ್ಜಿ, ನನ್ ಮೊದಲನೇ ಬೆಟ್ಟ ನಿನ್ ಜೊತೇಲೇ" ಎಂದಳು. ಆ ಸಂತೋಷಕ್ಕೆ ಲಿಂಗರಾಜಪುರದ ನಮ್ಮ ಬೀದಿಯಲ್ಲಿ ಹಾಲಿನವನಿಂದ ಇಸ್ತ್ರಿಯವನವರೆಗೆ ಎಲ್ಲರಿಗೂ ಸುದ್ದಿ ಮುಟ್ಟಿಸಿಬಿಟ್ಟೆ.

ಟೋಪಿ, ಎರಡು ಬಾಟಲಿ ನೀರು, ಟಾರ್ಚು, ಸೀಟಿ ಎಂದು ಅವಳು ಪಟ್ಟಿ ಕೊಟ್ಟಳು. ಸೀಟಿ, ದಾರಿ ತಪ್ಪಿದರೆ ಊದುವುದಕ್ಕಂತೆ. ನಾನು ಕೂಗಿದರೆ ಕೆ.ಆರ್. ಪುರಕ್ಕೆ ಕೇಳುತ್ತದೆ, ಆದರೂ ಕೊರಳಿಗೆ ಹಾಕಿಕೊಂಡೆ. ನಾನು ಸೇರಿಸಿದ್ದು ಚಿತ್ರಾನ್ನ, ಉಪ್ಪಿನಕಾಯಿ, ಒಂದು ಚಾಪೆ. ಚಾಪೆಯನ್ನು ಬಾಗಿಲಲ್ಲೇ ಕಿತ್ತುಕೊಂಡಳು.

ಎಲ್ಲಕ್ಕಿಂತ ಮುಖ್ಯ ಶೂ. ಹೊಸ ಜೊತೆ ಕೊಡಿಸಿ, "ಹದಿನೈದು ದಿನ ಮನೇಲೇ ಹಾಕ್ಕೊಂಡು ಓಡಾಡು, ಕಾಲಿಗೆ ಒಗ್ಗುತ್ತೆ" ಎಂದಿದ್ದಳು. ನೀವೇ ಹೇಳಿ, ದೇವರ ಗೂಡು, ಒಲೆ, ಹಾಸಿಗೆ ಎಲ್ಲ ಎರಡೇ ಕೋಣೆಯಲ್ಲಿರುವ ಮನೆಯೊಳಗೆ ಶೂ ಹಾಕಿಕೊಂಡು ತಿರುಗಲು ನನಗೇನು ಬುದ್ಧಿ ಕೆಟ್ಟಿದೆಯೇ? ಬೀದಿಗೆ ಹಾಕೋಣವೆಂದರೆ ಹೊಸದು ಕೊಳೆಯಾಗುತ್ತದೆ. ದಿನಾ ಸಂಜೆ ಬಾಕ್ಸಿನಿಂದ ತೆಗೆದು, ಒರೆಸಿ, ಮತ್ತೆ ಒಳಗಿಟ್ಟೆ. ಕೇಳಿದಾಗೆಲ್ಲ, "ಹ್ಞೂಂ, ಹಾಕ್ಕೊಂಡೆ ಕಣೆ" ಎಂದೆ.

ಕೋಲಾರದ ಕಡೆಯ ಬೆಟ್ಟದಲ್ಲಿ ಅರ್ಧ ದಾರಿಗೇ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಬಂಡೆಯ ಮೇಲೆ ಕೂತು ನಿಜ ಒಪ್ಪಿಕೊಂಡೆ.

"ಸುಳ್ ಬೇರೆ ಹೇಳ್ತೀಯಾ! ನಡಿ, ಇಳಿದ್ಬಿಡೋಣ."

ಬೀದಿಗೆಲ್ಲ ಸಾರಿ ಬಂದಿದ್ದು ಹಾಗಿರಲಿ, ಮಗುವಿನ ಮೊದಲ ಬೆಟ್ಟ ನನ್ನಿಂದ ಅರ್ಧಕ್ಕೆ ನಿಲ್ಲಬೇಕೇ?

"ಇಳಿಯೋದಿಲ್ಲ. ನಿನ್ ಶೂ ಬಿಚ್ಚು" ಎಂದೆ.

ಬೊಬ್ಬೆಗೆ ಪ್ಲಾಸ್ಟರ್ ಅಂಟಿಸಿ, ಗೊಣಗುತ್ತಲೇ ಬಿಚ್ಚಿಕೊಟ್ಟಳು. ಅವಳ ಹಳೇ ಶೂ ನನ್ನ ಅಳತೆಗೇ ಹೊಲಿದಂತೆ ಕೂತಿತು! ಮೂಗು ಅಮ್ಮನದು, ಕಿವಿ ಅಪ್ಪನದು ಎಂದು ಇಪ್ಪತ್ತು ವರ್ಷದಿಂದ ಅವಳನ್ನು ಹಂಚಿಕೊಂಡವರು ಯಾರೂ ಕೆಳಗೆ ನೋಡಿರಲಿಲ್ಲ. ಪಾದ ನನ್ನದು! ನನ್ನ ಹೊಸ ಶೂ ಅವಳು ಹಾಕಿಕೊಂಡಳು. ತುದಿ ಮುಟ್ಟಿದಾಗ ಆ ಗಾಳಿಗೆ ನಾನು ಅತ್ತೆನೋ ನಕ್ಕೆನೋ ನನಗೇ ಗೊತ್ತಿಲ್ಲ.

ಇಳಿಯುವಾಗ ಹೊಸ ಶೂ ಅವಳ ಹಿಮ್ಮಡಿಯನ್ನೂ ಬಿಡಲಿಲ್ಲ. ಕುಂಟುವುದನ್ನು ಕಂಡು, ಎದುರಿಗೆ ಹತ್ತಿ ಬರುತ್ತಿದ್ದ ಹಿರಿಯರೊಬ್ಬರು ನಿಂತರು.

"ಏನಮ್ಮಾ, ಈ ವಯಸ್ಸಿಗೇ ಹಿಂಗಾ? ನಿಮ್ಮಜ್ಜೀನ ನೋಡಿ ಕಲಿ, ಜಿಂಕೆ ಥರ ಇಳೀತಿದ್ದಾರೆ."

ನಿಜ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪಲ್ಲವಿ ನನ್ನ ತೋಳು ಹಿಡಿದು, "ಹೌದು ಸಾರ್, ದಿನಾ ಪ್ರಾಕ್ಟೀಸ್ ಮಾಡ್ತಾರೆ" ಎಂದಳು.

ಪಾದ ಮಾತ್ರವಲ್ಲ, ನಾಲಿಗೆಯೂ ನನ್ನದೇ ಬಂದಿದೆ.